ಕೌದಿಯ ಕೊನೆಯ ಮೂಲೆ

ಕರಡಿಹಾಳದ ಹಳ್ಳದ ದಂಡೆಗೆ ಒಂದು ಕಲ್ಲುಮಂಟಪ. ಪೂಜ್ಯ ಸಂಗಮ್ಮತಾಯಿಯವರ ಮಠವೆಂದರೆ ಅಷ್ಟೇ. ಪೀಠವಿಲ್ಲ, ಪಲ್ಲಕ್ಕಿಯ ಮಾತಂತೂ ದೂರ. ಬೆಳಗಿನ ಲಿಂಗಪೂಜೆ ಮುಗಿಸಿದವರೇ ತಾಯಿಯವರು, ಭಕ್ತರು ತಂದಿಟ್ಟ ಹಳೇ ಬಟ್ಟೆಗಳನ್ನು ಹರಡಿಕೊಂಡು ಕೌದಿ ಹೊಲಿಯಲು ಕೂತುಬಿಡುತ್ತಿದ್ದರು. ಚಳಿಗಾಲದಲ್ಲಿ ದಾರಿಹೋಕರು ಯಾರೇ ಬರಲಿ, ಅವರ ಪಾಲಿಗೊಂದು ಕೌದಿ ಇದ್ದೇ ಇರುತ್ತಿತ್ತು.

ಹೊನ್ನವ್ವನನ್ನು ಅಲ್ಲಿಗೆ ಎಳೆದುಕೊಂಡು ಬಂದವಳು ಅವಳ ಅತ್ತೆ. ಹೊನ್ನವ್ವ ಎರಡು ವರ್ಷದ ಮಗಳನ್ನು ಮಣ್ಣಿಗಿಟ್ಟು ಮೂರು ವರ್ಷವಾಗಿತ್ತು. ಅಂದಿನಿಂದ ಕೂಸಿನ ಬಟ್ಟೆಯ ಗಂಟು ಬಿಚ್ಚಿರಲಿಲ್ಲ, ಅದರ ಹೆಸರು ಬಾಯಿಂದ ಹೊರಬಿದ್ದಿರಲಿಲ್ಲ. ಬೇರೆ ಯಾರಾದರೂ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ದೇವರ ಮೇಲೆ ಸಿಟ್ಟು, ದೇವರ ಮಂದಿಯ ಮೇಲೂ ಸಿಟ್ಟು. ಪಾಪ, ಬರದೇ ಇರುತ್ತದೆಯೇ?

“ಇಲ್ಲಿ ಬಂದು ಕುಂತ್ರ ಸತ್ತ ಕೂಸು ಬರತೈತೇನ್ರಿ?” ಎಂದು ತಾಯಿಯವರ ಮುಖಕ್ಕೇ ಕೇಳಿದಳು. ಅತ್ತೆಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

“ಬರೂದಿಲ್ಲವ್ವ,” ಎಂದರು ತಾಯಿಯವರು. “ನನ್ನ ಕಣ್ಣು ಮಂಜಾಗ್ಯಾವು. ಈ ಸೂಜಿಗೊಂದು ದಾರ ಪೋಣಿಸಿಕೊಡು.”

ಪೋಣಿಸಿದಳು. ಮರುದಿನ ಅದೇ ಕೆಲಸಕ್ಕೆ ಮತ್ತೆ ಕರೆ ಬಂತು. ವಾರ ಕಳೆಯುವುದರೊಳಗೆ ಸೂಜಿ ಅವಳ ಕೈಯಲ್ಲೇ ಉಳಿಯಿತು. ಮೊದಮೊದಲು ಹೊಲಿಗೆ ಸೊಟ್ಟ ಸೊಟ್ಟ. ತಾಯಿಯವರು ಒಂದನ್ನೂ ಬಿಚ್ಚಿಸಲಿಲ್ಲ. ಕೆಂಪಿನ ಮಗ್ಗುಲಿಗೆ ನೀಲಿ ಇಟ್ಟರೆ ಎರಡೂ ಎದ್ದು ಕಾಣುತ್ತವೆಂದು ಅವಳೇ ಕಂಡುಕೊಂಡಳು. ರೊಟ್ಟಿ ಬಡಿಯುವಾಗಲೂ ತಲೆಯಲ್ಲಿ ತುಂಡುಬಟ್ಟೆಗಳೇ. ಮೂರು ವರ್ಷ ಉಂಡದ್ದರ ರುಚಿ ತಿಳಿಯದವಳು ಒಂದು ದಿನ ಸಾರಿಗೆ ಉಪ್ಪು ಕಡಿಮೆ ಎಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೌದಿಯ ಕೊನೆಯ ಮೂಲೆ ಉಳಿಯಿತು. ಕೌದಿ ಹಸಿದಿರಬಾರದೆಂದು ಆ ಮೂಲೆಯೊಳಗೆ ಹೋಳಿಗೆಯ ಒಂದು ತುತ್ತಿಟ್ಟು ಹೊಲಿಯುವುದು ಅಲ್ಲಿನ ಪದ್ಧತಿ. ತುತ್ತಿಡುವವಳು ಮಕ್ಕಳ ತಾಯಿಯೇ ಆಗಬೇಕು. ಹೊನ್ನವ್ವ ಕೈ ಹಿಂದಕ್ಕೆಳೆದುಕೊಂಡು ಕೌದಿಯನ್ನು ಅತ್ತೆಯ ಕಡೆ ಸರಿಸಿದಳು.

ತಾಯಿಯವರು ತುತ್ತನ್ನು ಹೊನ್ನವ್ವನ ಅಂಗೈಯಲ್ಲೇ ಇಟ್ಟರು. “ಕೂಸು ಹೋದ್ರ ತಾಯ್ತನಾನೂ ಹೋಗತೈತೇನು? ನೀನ ಇಡು.”

ಹೊನ್ನವ್ವ ತುತ್ತಿಟ್ಟಳು. ಆಮೇಲೆ ಮನೆಗೆ ಹೋಗಿ ಗಂಟು ತಂದು, ತಾನೇ ಬಿಚ್ಚಿ, ಪುಟ್ಟ ಹಸಿರು ಅಂಗಿಯೊಂದನ್ನು ಕತ್ತರಿಸಿ ಆ ಮೂಲೆಯ ಮೇಲೆ ಹೊಲಿದಳು. ಹೊಲಿಯುತ್ತ ಅತ್ತಳು, ತಾಯಿಯವರು ತಡೆಯಲಿಲ್ಲ.

ಆ ಚಳಿಗಾಲ ತವರಿಗೆ ಹೊರಟ ಹೆಣ್ಣುಮಗಳೊಬ್ಬಳು ಕೈಗೂಸಿನೊಡನೆ ಮಂಟಪದಲ್ಲಿ ದಣಿವಾರಿಸಿಕೊಳ್ಳಲು ಕೂತಳು. ತಾಯಿಯವರು ಹೊನ್ನವ್ವನತ್ತ ನೋಡಿದರು. ಅವಳು ತನ್ನ ಕೌದಿ ತಂದು ಕೂಸಿಗೆ ಹೊದಿಸಿದಳು. ಕೂಸು ಹಸಿರು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆಹೋಯಿತು.

“ಛಂದ ಐತವ್ವ ಈ ಹಸರ. ಯಾರ ಅಂಗೀದು?” ಎಂದು ಆ ಹೆಣ್ಣುಮಗಳು ಕೇಳಿದಳು.

ಹೊನ್ನವ್ವ ಎದ್ದು ಹೊರಗೆ ಹೋಗಲಿಲ್ಲ.

“ನನ್ನ ಮಗಳದು. ಸುಗಲಾ ಅಂತ ಅಕಿ ಹೆಸರು,” ಎಂದಳು. ಆ ಹೆಸರನ್ನು ಇನ್ನೊಮ್ಮೆ ಹೇಳಿ, ಕೌದಿಯನ್ನು ಕೂಸಿನ ಜೊತೆಗೇ ಕಳಿಸಿಕೊಟ್ಟಳು.