ಮಾಳಜ್ಜಿಯ ಐದು ದಿನ

ದೇಕವ್ವ ಹೊಳೆದಂಡೆಯ ಆಶ್ರಮದಲ್ಲಿ ವೈದ್ಯ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ಕೇತ ಎಲ್ಲರಿಗಿಂತ ಚುರುಕು. ಅದು ಅವನಿಗೂ ಗೊತ್ತಿತ್ತು.

ಒಂದು ದಿನ ಪಟ್ಟಣದಿಂದ ಮಂತ್ರಿ ಬೊಪ್ಪಯ್ಯನವರ ಓಲೆ ಬಂತು.

ಆರೋಗ್ಯಶಾಲೆಯ ಬಾಗಿಲಲ್ಲಿ ಯಾವ ರೋಗಿಯೂ ಹಣ ಕೊಡುವಂತಾಗಬಾರದು ಎಂಬುದು ಅರಸರ ಆಸೆ. ಅದಕ್ಕಾಗಿ ಹೊಸ ತೆರಿಗೆ ಕೊಡಿ ಎಂದು ವರ್ತಕರನ್ನು ಕೇಳಿದ್ದರು.

"ಕೊಡುತ್ತೇವೆ. ಆದರೆ ಚಿಕಿತ್ಸೆ ಚೆನ್ನಾಗಿರುತ್ತದೆ ಅನ್ನುವುದಕ್ಕೆ ಯಾರು ಹೊಣೆ?" ಎಂದರು ವರ್ತಕರು.

"ನೋಡಿದ ಒಬ್ಬೊಬ್ಬ ರೋಗಿಗೂ ಇಷ್ಟು ಅಂತ ಕೊಡಿ," ಎಂದರು ವೈದ್ಯರು.

"ಹಾಗಾದರೆ ನೀವು ನಾಡಿ ಮುಟ್ಟಿದ ಹಾಗೆ ಮಾಡಿ ಮುಂದಕ್ಕೆ ಕಳಿಸುತ್ತೀರಿ."

ಹನ್ನೊಂದು ದಿನವಾದರೂ ಮಾತು ಮುಗಿದಿರಲಿಲ್ಲ. ದೇಕವ್ವ ಬಂದು ಒಂದು ದಾರಿ ತೋರಿಸಬೇಕು ಎಂದು ಬೊಪ್ಪಯ್ಯ ಬೇಡಿಕೊಂಡಿದ್ದರು.

ಓಲೆ ಓದಿ ಕೇತ ನಕ್ಕ.

"ಹನ್ನೊಂದು ದಿನ! ಜನರ ಜೀವದ ವಿಷಯದಲ್ಲಿ ಸಂತೆಯ ಹಾಗೆ ಚೌಕಾಸಿ ಮಾಡುತ್ತಿದ್ದಾರಲ್ಲ ಅವ್ವಾ, ನಾಚಿಕೆಯಾಗಬೇಕು."

"ಹನ್ನೊಂದು ದಿನದಲ್ಲಿ ಒಬ್ಬರೂ ಎದ್ದು ಹೋಗಿಲ್ಲ," ಎಂದರು ದೇಕವ್ವ. "ನೀನೂ ಅಲ್ಲಿ ಒಂದು ದಿನ ಕೂತು ನೋಡು. ನನ್ನ ಬದಲು ನೀನೇ ಹೋಗಿ ಬಾ."

ಕೇತ ಹೋದ. ಸಭೆಯಲ್ಲಿ ಅರ್ಧ ದಿನ ಕೂತ. ಆಮೇಲೆ ತಡೆಯಲಾಗದೆ ಎದ್ದು ನಿಂತ.

"ಎಷ್ಟು ಜನರನ್ನು ನೋಡಿದರು ಅಂತ ಕೇಳಬೇಡಿ. ಎಷ್ಟು ಜನ ಗುಣವಾದರು ಅಂತ ಕೇಳಿ. ರೋಗಿ ಗುಣವಾದರೆ ವೈದ್ಯನಿಗೆ ಸಂಭಾವನೆ. ಇಲ್ಲದಿದ್ದರೆ ಇಲ್ಲ."

ವರ್ತಕರ ಮುಖಂಡ ನಂಬಿಸೆಟ್ಟಿ ತೊಡೆ ತಟ್ಟಿದರು. "ಇದಪ್ಪಾ ಮಾತು ಅಂದರೆ!"

ವೈದ್ಯರ ಪೈಕಿ ಹಿರಿಯನಾದ ರೇಚಯ್ಯ ಅತ್ತಿತ್ತ ನೋಡಿದ. ಅವನೂ ಒಂದು ಕಾಲಕ್ಕೆ ದೇಕವ್ವನ ಶಿಷ್ಯನೇ. ಉಳಿದವರೆಲ್ಲ ತಲೆಯಾಡಿಸುವುದನ್ನು ಕಂಡು ತಾನೂ ತಲೆಯಾಡಿಸಿದ.

"ಒಂದು ತಿಂಗಳು ಪಟ್ಟಣದ ಆರೋಗ್ಯಶಾಲೆಯಲ್ಲಿ ನಡೆಸಿ ನೋಡೋಣ," ಎಂದರು ಬೊಪ್ಪಯ್ಯ. "ಸರಿಹೋದರೆ ನಾಡಿಗೆಲ್ಲ ಅದೇ ಕಟ್ಟಳೆ."

ಕೇತ ಹಿಗ್ಗಿನಿಂದ ಹಿಂತಿರುಗಿ ಎಲ್ಲವನ್ನೂ ಹೇಳಿದ. ದೇಕವ್ವ ಕೊನೆಯವರೆಗೂ ಕೇಳಿಸಿಕೊಂಡರು.

"ಆ ಒಂದು ತಿಂಗಳು ನೀನು ಆರೋಗ್ಯಶಾಲೆಯ ಬಾಗಿಲಲ್ಲಿ ಕೂತಿರು," ಎಂದರು.

"ಒಳಗಲ್ಲವೇ?"

"ಬಾಗಿಲಲ್ಲಿ."

ಕೇತ ಬಾಗಿಲಲ್ಲಿ ಕೂತ. ಮೊದಲ ವಾರ ಕಂಡದ್ದೆಲ್ಲ ಅವನಿಗೆ ಹಬ್ಬದಂತಿತ್ತು. ನೀರು ಕುದಿಸದೆ ಯಾರೂ ಗಾಯ ತೊಳೆಯುತ್ತಿರಲಿಲ್ಲ. ಹಾಸಿಗೆಗಳು ಬಿಸಿಲು ಕಾಣುತ್ತಿದ್ದವು. ಮುರಿದ ಕೈ ಕಟ್ಟಿಸಿಕೊಂಡು ಹೋದವನ ಮನೆಗೆ ವೈದ್ಯರೇ ಹೋಗಿ ವಿಚಾರಿಸಿ ಬರುತ್ತಿದ್ದರು.

ಹತ್ತನೆಯ ದಿನ ಒಂದು ಗಾಡಿ ಬಂತು. ಗಾಡಿಯಲ್ಲಿ ಕುಂಬಾರರ ಮಾಳಜ್ಜಿ. ಎದೆಯ ರೋಗ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತರೆ ಕತ್ತು ನಿಲ್ಲುತ್ತಿರಲಿಲ್ಲ. ಮಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತು ಕರೆತಂದಿದ್ದಳು.

ರೇಚಯ್ಯ ಹೊರಗೆ ಬಂದು ಅಜ್ಜಿಯ ಕಣ್ಣು ನೋಡಿದ, ಕಾಲಿನ ಬಾವು ನೋಡಿದ.

"ನಿಮ್ಮೂರಿಗೇ ಕರೆದುಕೊಂಡು ಹೋಗಮ್ಮ. ಅಲ್ಲಿನ ಗಾಳಿ ಒಳ್ಳೆಯದು," ಎಂದ.

ಮಗಳು ಕೈಮುಗಿದಳು. ರೇಚಯ್ಯ ಒಳಗೆ ಹೋದ.

ಕೇತ ಅವನ ಹಿಂದೆಯೇ ಓಡಿದ. "ರೇಚಯ್ಯನವರೇ, ಹಾಸಿಗೆ ಖಾಲಿ ಇದೆಯಲ್ಲ!"

"ಇದೆ."

"ಮತ್ತೆ?"

ರೇಚಯ್ಯ ಅವನ ಕಡೆ ನೋಡಲಿಲ್ಲ. "ಆಕೆ ಉಳಿಯುವುದಿಲ್ಲ, ಕೇತ. ಹೋದ ವಾರ ಇಂಥವರೇ ಇಬ್ಬರನ್ನು ಇಟ್ಟುಕೊಂಡೆ. ಇಬ್ಬರೂ ಹೋದರು. ನನ್ನ ಕೈಕೆಳಗಿನವರಿಗೆ ಏನೂ ಸಿಗಲಿಲ್ಲ. ಅವರಿಗೂ ಮನೆಗಳಿವೆ. ನಿನ್ನ ಕರಾರನ್ನೇ ಪಾಲಿಸುತ್ತಿದ್ದೇನೆ."

ಕೇತ ಹೊರಗೆ ಬಂದು ನೋಡಿದರೆ ಗಾಡಿ ಆಗಲೇ ತಿರುಗಿತ್ತು. ಅವನು ಓಡಿ ಹೋಗಿ ಎತ್ತಿನ ಮೂಗುದಾರ ಹಿಡಿದ. ಆಶ್ರಮದ ಕಡೆಗೆ ಹೊಡೆಸಿದ.

ದೇಕವ್ವ ಯಾಕೆ, ಏನು ಎಂದು ಕೇಳಲಿಲ್ಲ. ಅಜ್ಜಿಯನ್ನು ಗೋಡೆಗೆ ದಿಂಬಿಟ್ಟು ಒರಗಿಸಿದರು. ಹೊತ್ತುಹೊತ್ತಿಗೆ ಪಕ್ಕ ಬದಲಿಸಿದರು. ಬೆನ್ನಿಗೆ ಎಣ್ಣೆ ಸವರಿದರು, ಒಡೆದ ತುಟಿಗೆ ತುಪ್ಪ ಹಚ್ಚಿದರು, ಗಂಜಿಯ ತಿಳಿಯನ್ನು ಚಮಚದಲ್ಲಿ ಹನಿಸಿದರು. ನೋವು ತಗ್ಗುವ ಕಷಾಯವನ್ನು ತಾವೇ ಕಾಯಿಸಿದರು. ಕೇತನಿಗೆ ಹೇಳಿದ ಕೆಲಸ ಒಂದೇ. ಅಜ್ಜಿಯ ಕಾಲು ಒತ್ತುವುದು.

ಮೂರನೆಯ ದಿನ ಮಾಳಜ್ಜಿ ಮಗಳನ್ನು ಗದರಿದಳು. "ಇಲ್ಲಿ ಕೂತು ನನ್ನ ಮುಖ ನೋಡುತ್ತೀಯಲ್ಲ, ಅಲ್ಲಿ ಮಡಕೆ ಸುಡುವವರು ಯಾರು?"

ಮಗಳು ಅಳುತ್ತ ನಕ್ಕಳು.

ನಾಲ್ಕನೆಯ ದಿನ ತಾಯಿ ಮಗಳು ಮಧ್ಯಾಹ್ನವೆಲ್ಲ ಮೆಲ್ಲಗೆ ಮಾತಾಡಿಕೊಂಡರು. ಐದನೆಯ ದಿನ ಬೆಳಿಗ್ಗೆ, ಮಗಳ ತೋಳಿಗೆ ಒರಗಿದ್ದ ಹಾಗೆಯೇ, ಅಜ್ಜಿಯ ಉಸಿರು ನಿಂತಿತು.

ಮಗಳು ದೇಕವ್ವನ ಕಾಲಿಗೆ ಬಿದ್ದಳು. "ಒಂದು ತಿಂಗಳಿಂದ ಅವ್ವ ನರಳುತ್ತಿದ್ದಳು ತಾಯಿ. ಈ ಐದು ದಿನ ನನ್ನ ಜೊತೆ ಮಾತಾಡಿದಳು."

ಅವಳು ಹೋದ ಮೇಲೆ ಕೇತ ಜಗಲಿಯ ಮೇಲೆ ಕುಸಿದು ಕೂತ.

"ಆಕೆ ಗುಣವಾಗಲಿಲ್ಲ," ಎಂದರು ದೇಕವ್ವ. "ಚಿಕಿತ್ಸೆ ಕೆಟ್ಟದಾಗಿತ್ತೇ?"

ಕೇತ ಅಜ್ಜಿಯ ಖಾಲಿ ಹಾಸಿಗೆಯ ಕಡೆ ನೋಡಿದ.

"ಇದಕ್ಕಿಂತ ಒಳ್ಳೆಯ ಚಿಕಿತ್ಸೆಯನ್ನು ನಾನು ನೋಡಿಲ್ಲ ಅವ್ವಾ. ನನ್ನ ಕರಾರಿನಲ್ಲಿ ಅದಕ್ಕೆ ಜಾಗವೇ ಇಲ್ಲ."

ದೇಕವ್ವ ಅಜ್ಜಿ ಹೊದ್ದಿದ್ದ ಕಂಬಳಿಯನ್ನು ಎತ್ತಿಕೊಂಡು ಹೊಳೆಗೆ ನಡೆದರು. ಕೇತ ಹಿಂದೆಯೇ ಹೋದ.

"ಸಭೆಯಲ್ಲಿ ನನ್ನ ತಪ್ಪು ಒಪ್ಪಿಕೊಂಡರೆ ನಂಬಿಸೆಟ್ಟರು ಸುಮ್ಮನಿರುತ್ತಾರೆಯೇ? ತೆರಿಗೆಯೇ ಮುರಿದುಬೀಳುತ್ತದೆ. ಆ ಮನುಷ್ಯ ಯಾವಾಗಲೂ ಎದುರೇ ಮಾತಾಡುವುದು. ಅವರೊಬ್ಬರು ಇಲ್ಲದಿದ್ದರೆ ಒಂದೇ ದಿನಕ್ಕೆ ಎಲ್ಲ ಮುಗಿಯುತ್ತಿತ್ತು."

ದೇಕವ್ವ ಕಂಬಳಿ ಜಾಲಿಸಿ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. "ಹಿಂಡು."

ಇಬ್ಬರೂ ತಿರುಚಿದರು. ಕಂಬಳಿ ಗರಗರ ತಿರುಗಿತೇ ಹೊರತು ಒಂದು ಹನಿಯೂ ಇಳಿಯಲಿಲ್ಲ.

"ನಾನು ತಿರುಚುವ ಕಡೆಗೇ ನೀನೂ ತಿರುಚಿದರೆ ನೀರು ಹೇಗೆ ಬರುತ್ತದೆ?" ಎಂದರು ದೇಕವ್ವ.

ತಿಂಗಳು ಮುಗಿದು ಸಭೆ ಸೇರಿತು. ಈ ಸಲ ದೇಕವ್ವನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ಕೇತ ನಿಂತುಕೊಂಡು ನಡೆದದ್ದನ್ನೆಲ್ಲ ಹೇಳಿದ. ರೇಚಯ್ಯನನ್ನು ದೂರಲಿಲ್ಲ.

"ತಪ್ಪು ನನ್ನ ಮಾತಿನಲ್ಲಿತ್ತು. ಅದನ್ನು ಕಟ್ಟಳೆ ಮಾಡಬೇಡಿ. ಮಾಡಿದರೆ ತುಂಬಾ ಕಷ್ಟದಲ್ಲಿರುವವರಿಗೇ ಬಾಗಿಲು ಮುಚ್ಚುತ್ತದೆ."

ನಂಬಿಸೆಟ್ಟಿಯ ಮುಖ ಕೆಂಪಾಯಿತು. "ಹಾಗಾದರೆ ನಮಗೇನು ಖಾತ್ರಿ? ಗುಣವಾದರೂ ಕೊಡಿ, ಸತ್ತರೂ ಕೊಡಿ. ಕಣ್ಣು ಮುಚ್ಚಿ ಕೊಡಬೇಕೇ ನಾವು?"

ಅವರು ಶಲ್ಯ ಹೆಗಲಿಗೆ ಹಾಕಿ ಎದ್ದರು. ಅಷ್ಟು ದಿನಗಳಲ್ಲಿ ಅದೇ ಮೊದಲ ಸಲ ಒಬ್ಬರು ಎದ್ದು ಹೊರಟದ್ದು. ಬೊಪ್ಪಯ್ಯ ಅಸಹಾಯಕರಾಗಿ ದೇಕವ್ವನ ಕಡೆ ನೋಡಿದರು.

"ಸೆಟ್ಟರೇ, ಹೊರಡುವ ಮೊದಲು ಒಂದು ಉಪಕಾರ ಮಾಡಿ," ಎಂದರು ದೇಕವ್ವ. "ರೇಚಯ್ಯನಿಗೆ ಇರುವ ಭಯ ಏನು ಅಂತ ನೀವು ಹೇಳಿ. ಅವನು ಹೌದು ಅನ್ನಬೇಕು, ಅಷ್ಟೇ."

"ಅದೇನು ಕಷ್ಟ? ಆದಾಯ ಕಡಿಮೆಯಾಗುತ್ತದೆ ಅಂತ."

"ಅಲ್ಲ," ಎಂದ ರೇಚಯ್ಯ.

"ಕೆಲಸದ ತಪ್ಪು ಹೊರಗೆ ಬೀಳುತ್ತದೆ ಅಂತ."

"ಅಲ್ಲ."

ನಂಬಿಸೆಟ್ಟಿ ಕೂತರು. "ಮತ್ತೇನಯ್ಯಾ? ನೀನೇ ಹೇಳು."

ರೇಚಯ್ಯ ತನ್ನ ಅಂಗೈ ನೋಡಿಕೊಂಡ. "ಆ ಅಜ್ಜಿಯನ್ನು ವಾಪಸು ಕಳಿಸಿದೆನಲ್ಲ, ಅದು ಎರಡನೆಯ ಸಲಕ್ಕೆ ಸುಲಭವಾಗಿಬಿಡುತ್ತದೆ. ಅದೇ ನನ್ನ ಭಯ."

ನಂಬಿಸೆಟ್ಟಿ ಹೆಗಲಿನ ಶಲ್ಯ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಈಗ ನೀನು ಹೇಳು ರೇಚಯ್ಯ," ಎಂದರು ದೇಕವ್ವ. "ಸೆಟ್ಟರ ಭಯ ಏನು?"

"ಹಣ ಹೋಗುತ್ತದೆ ಅಂತ."

"ಅಲ್ಲವೇ ಅಲ್ಲ," ಎಂದರು ನಂಬಿಸೆಟ್ಟಿ. "ನನ್ನ ಮಗ್ಗಗಳಲ್ಲಿ ಇನ್ನೂರು ಜನ ದುಡಿಯುತ್ತಾರೆ. ನಾನು ಕೊಡುವ ತೆರಿಗೆ ಅವರ ದುಡಿಮೆಯದು. ಅವರಲ್ಲಿ ಒಬ್ಬ ಜ್ವರದಲ್ಲಿ ಬಂದಾಗ ನೀವು ಮುಖ ಎತ್ತಿ ನೋಡದಿದ್ದರೆ, ನಾಳೆ ಅವನ ಹೆಂಡತಿಗೆ ನಾನು ಏನು ಹೇಳಲಿ?"

"ಇದನ್ನು ಮೊದಲ ದಿನವೇ ಹೇಳಬಾರದಿತ್ತೇ?" ಎಂದ ರೇಚಯ್ಯ.

"ನೀನು ಕೇಳಿದೆಯಾ?"

ಬೊಪ್ಪಯ್ಯ ಜೋರಾಗಿ ನಕ್ಕುಬಿಟ್ಟರು. ಸೆಟ್ಟರೂ ನಕ್ಕರು.

ಆಮೇಲೆ ಮಾತು ಮುಂದುವರಿಯಿತು, ಸಂಜೆಯವರೆಗೂ. ವೈದ್ಯರಿಗೆ ವರ್ಷಕ್ಕೆ ಇಂತಿಷ್ಟು ಎಂದು ನಿಗದಿಯಾಯಿತು, ರೋಗಿ ಉಳಿಯಲಿ ಉಳಿಯದಿರಲಿ. ಕಷ್ಟದ ರೋಗಿಗಳನ್ನು ಇಟ್ಟುಕೊಳ್ಳುವ ಕಡೆ ಕೈಯಾಳು ಹೆಚ್ಚು. ತಿಂಗಳಿಗೊಮ್ಮೆ ಬೇರೆ ಊರಿನ ಒಬ್ಬ ವೈದ್ಯ, ವರ್ತಕರ ಕಡೆಯ ಒಬ್ಬರು, ಒಟ್ಟಿಗೆ ಬಂದು ನೋಡಬೇಕು. ಗುಣವಾದವರ ಮನೆಗೆ ಹೋಗುವ ಹಾಗೆಯೇ ತೀರಿಕೊಂಡವರ ಮನೆಗೂ ಹೋಗಿ, 'ನಿಮ್ಮವರನ್ನು ಹೇಗೆ ನೋಡಿಕೊಂಡರು?' ಎಂದು ಕೇಳಬೇಕು. ಈ ಕೊನೆಯ ಮಾತು ನಂಬಿಸೆಟ್ಟಿಯವರದು.

ತೆರಿಗೆ ಮಾತ್ರ ಕೇಳಿದಷ್ಟು ಸಿಗಲಿಲ್ಲ. ಸಿಕ್ಕಿದ್ದು ಸಾಲದೆ, ಕಾಡಂಚಿನ ಹನ್ನೆರಡು ಊರುಗಳಿಗೆ ಈ ಕಟ್ಟಳೆ ಮುಂದಿನ ವರ್ಷದಿಂದ ಎಂದು ತೀರ್ಮಾನವಾಯಿತು. ಬೊಪ್ಪಯ್ಯ ಎಷ್ಟು ಬೇಡಿದರೂ ವರ್ತಕರು ಅದಕ್ಕಿಂತ ಮುಂದೆ ಹೋಗಲಿಲ್ಲ. ಕೊನೆಗೆ ಅವರ ಗಂಟಲು ಕಟ್ಟಿಹೋಗಿತ್ತು.

ಸಭೆ ಮುಗಿದಾಗ ದೇಕವ್ವ ಎದ್ದು ನಿಂತು ಎಲ್ಲರಿಗೂ ಕೈಮುಗಿದರು. ಬೊಪ್ಪಯ್ಯನವರಿಗೆ, ರೇಚಯ್ಯನಿಗೆ, ಸೆಟ್ಟರಿಗೆ, ಒಬ್ಬೊಬ್ಬರ ಮುಂದೆಯೂ ಒಂದು ಕ್ಷಣ ನಿಂತು. ಅವರು ಹಾಗೆ ಕೈಮುಗಿದದ್ದನ್ನು ಕೇತ ಎಂದೂ ನೋಡಿರಲಿಲ್ಲ.

ಊರ ಹೊರಗೆ ಬಂದ ಮೇಲೆ ಅವನು ತಡೆಯಲಾರದೆ ಕೇಳಿದ.

"ಅರ್ಧಂಬರ್ಧ ಒಪ್ಪಂದಕ್ಕೆ ಅಷ್ಟೊಂದು ಗೌರವವೇ ಅವ್ವಾ?"

"ಈ ಬೆಳಿಗ್ಗೆ ಅರ್ಧವೂ ಇರಲಿಲ್ಲ."

"ಆದರೆ ಹನ್ನೆರಡು ಊರು ಬಿಟ್ಟುಹೋದವಲ್ಲ!"

ಕವಲುದಾರಿ ಬಂತು. ದೇಕವ್ವ ಎಡಕ್ಕೆ ತಿರುಗಿ ಕಾಡಿನ ಕಡೆಗೆ ಹೆಜ್ಜೆ ಹಾಕಿದರು.

"ಅವ್ವಾ, ಆಶ್ರಮದ ದಾರಿ ಈ ಕಡೆ."

"ಗೊತ್ತು," ಎಂದರು ದೇಕವ್ವ. "ಸಭೆಗೆ ಇನ್ನೂ ಒಂದು ವರ್ಷ ಬೇಕು. ಆ ಹನ್ನೆರಡು ಊರಿನವರ ಜ್ವರ ಅಷ್ಟು ದಿನ ಕಾಯುವುದಿಲ್ಲ. ಬೇಗ ನಡಿ."