ಮಸಿಯ ಮರ್ಯಾದೆ

ಗುಡಿಯ ಹಿತ್ತಾಳೆ ದೀಪವನ್ನು ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಹಾಕಿ ಬೆಳಗುವುದು ವಾಡಿಕೆ. ಒಂದು ಅಮಾವಾಸ್ಯೆಯ ಬೆಳಿಗ್ಗೆ ಹುಣಸೆಹಣ್ಣು ಬಟ್ಟಲಿನಿಂದಲೇ ದೀಪವನ್ನು ನೋಡಿ, “ದೀಪಮ್ಮ, ಬಾಯಿಯ ಸುತ್ತ ಮಸಿ ಕಟ್ಟಿದೆ. ನಿಮ್ಮ ಹೊಳಪೇ ಕಾಣುತ್ತಿಲ್ಲ,” ಎಂದಿತು.

ಮಸಿಗೆ ಸಿಟ್ಟು ಬಂತು. “ಅವ್ವ, ನಾನು ದೇವರ ಎದುರಿಗೇ ಹುಟ್ಟಿದವನು. ಭಕ್ತರು ನನ್ನನ್ನು ಬೆರಳಲ್ಲಿ ತೆಗೆದು ಹಣೆಗಿಟ್ಟುಕೊಳ್ಳುತ್ತಾರೆ. ನನ್ನನ್ನು ಅಂದರೆ ದೇವರನ್ನೇ ಅಂದ ಹಾಗೆ. ಈ ಹುಳಿಬಾಯಿಯವನನ್ನು ಗುಡಿಯೊಳಗೆ ಸೇರಿಸಬೇಡ.”

“ಅವನು ಹೇಳಿದ್ದು ಸುಳ್ಳೇನಪ್ಪ?” ಎಂದು ದೀಪ ಕೇಳಿತು.

“ಸುಳ್ಳೋ ನಿಜವೋ, ಅದನ್ನು ಆಡಬಾರದು. ಇನ್ನು ಮೇಲೆ ನನ್ನ ವಿಷಯದಲ್ಲಿ ಯಾರೂ ಬಾಯಿ ತೆರೆಯಬಾರದು.”

ದೀಪ ಮಸಿಗೆ, “ನೀನು ನನ್ನ ಮೈಗೆ ಅಂಟಿಕೊಂಡು ಕೂತಿದ್ದನ್ನು ತಿಂಗಳೆಲ್ಲ ಸಹಿಸಿದೆ, ಮಗನೇ. ಇನ್ನೊಬ್ಬರ ಬಾಯಿ ಮುಚ್ಚಿಸುವುದನ್ನು ಸಹಿಸಲಾರೆ,” ಎಂದಿತು.

ಆಮೇಲೆ ಅದು ಹುಣಸೆಹಣ್ಣಿಗೆ ಹೇಳಿತು: “ಬಾರಪ್ಪ, ಉಜ್ಜು. ಆದರೆ ಮೆಲ್ಲಗೆ ಉಜ್ಜು. ಅವನೂ ನನ್ನ ಉರಿಯಲ್ಲೇ ಹುಟ್ಟಿದವನು.”