ಬಾ ಅಂದ ಕೈಯೋ, ಹೋಗು ಅಂದ ಕೈಯೋ

ಒಂದಾನೊಂದು ಊರಿನಲ್ಲಿ ಗುಂಡಭೂಪ ಅಂತ ಒಬ್ಬ ರಾಜ ಇದ್ದ. ಹೆಂಡತಿ ಇರಲಿಲ್ಲ. ಯಾಕಿರಲಿಲ್ಲ ಅಂತ ನನಗೆ ಗೊತ್ತು, ಈಗ ಬೇಡ. ಅರಮನೆ ತುಂಬ ಮುನ್ನೂರು ಆಳು. ಮುನ್ನೂರು ಬಾಯಿಗೂ ಒಂದೇ ಮಾತು, "ಅಪ್ಪಣೆ ಬುದ್ಧಿ." ಹೊಟ್ಟೆ ನೋಯ್ತದೆ ಕಣ್ರೋ ಅಂದರೂ "ಅಪ್ಪಣೆ ಬುದ್ಧಿ." ರಾಜನ ಹತ್ತಿರ ಮೊಬೈಲೂ ಇತ್ತು. ಅದಕ್ಕೆ ಯಾರೂ ಫೋನು ಮಾಡುತ್ತಿರಲಿಲ್ಲ.

ಒಂದು ದಿನ ಮೊಬೈಲು ಕುಂಯ್ ಅಂತು. ಫೋಟೊ ಬಂದಿತ್ತು. ಹೆಸರಿಲ್ಲ, ಊರಿಲ್ಲ. ಒಬ್ಬ ಹೆಂಗಸು. ಗಾಳಿಗೆ ಸೆರಗು ಹಾರಿ ಮುಖ ಮುಚ್ಚಿದೆ. ಒಂದು ಕೈ ಮಾತ್ರ ಮೇಲೆತ್ತಿ, ಅಂಗೈ ಕೆಳಗೆ ಮಾಡಿ ಬೀಸುತ್ತಿದ್ದಾಳೆ.

ಮಂತ್ರಿ ನೋಡಿದ. "ಬಾ ಅಂತ ಕರೀತವಳೆ ಬುದ್ಧಿ."

ಸೇನಾಪತಿ ನೋಡಿದ. "ಥೂ, ಹೋಗು ಅಂತ ಅಟ್ಟುತವಳೆ."

ಇಬ್ಬರೂ ಕೈ ಬೀಸಿ ತೋರಿಸಿದರು. ನೀವೂ ಬೀಸಿ ನೋಡಿ. ಬಾ ಅನ್ನೋಕೂ ಹೋಗು ಅನ್ನೋಕೂ ನಮ್ಮ ಕಡೆ ಕೈ ಒಂದೇ ಥರ. ಆಡೋ ಕೈ ಆದರೆ ತಿಳಿಯುತ್ತೆ. ಫೋಟೊದಲ್ಲಿ ನಿಂತುಹೋದ ಕೈ ಏನು ಹೇಳುತ್ತೆ, ಕರ್ಮ!

ರಾಜನಿಗೆ ಊಟ ಸೇರಲಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಯಾರೂ "ಬಾ" ಅಂದಿರಲಿಲ್ಲ. "ದಯಮಾಡಿಸಬೇಕು" ಅಂದಿದ್ದರು, ಅಷ್ಟೆ.

"ಮೊಬೈಲೇ, ನನಗೆ ಇಂಟರ್ನೆಟ್ಟಲ್ಲಿ ಹುಡುಕೋದು ಕಲಿಸು," ಅಂದ.

"ಕಲಿಸ್ತೀನಿ. ಆದ್ರೆ ನನಗೆ ಬುದ್ಧಿ ಗಿದ್ಧಿ ಅನ್ನೋಕೆ ಬರಲ್ಲ."

"ಬೇಡ ಮಾರಾಯ. ಬೈದರೂ ಸರಿ, ಮಾತಾಡು."

ಮೊದಲು ಕೈಯಂಥ ಕೈ ಹುಡುಕಿದರು. ಒಂಬತ್ತು ಸಾವಿರ ಸಿಕ್ಕಿತು. ಈಜುವವನ ಕೈ, ಬಸ್ ಕಂಡಕ್ಟರ್ ಕೈ, ಕೋತಿ ಕೈ, ಒಂದು ಬಾಳೆಹಣ್ಣಿನ ಚಿಪ್ಪು. ರಾಜ ಬಾಳೆಹಣ್ಣಿಗೂ ಕಾಗದ ಬರೆದ. ಉತ್ತರ ಬರಲಿಲ್ಲ.

"ದಡ್ಡ, ಕೈ ನೋಡಬೇಡ. ಕೈ ಹಿಂದೆ ಏನಿದೆ ನೋಡು."

ಹಿಂದೆ ನೀರಿನ ಟ್ಯಾಂಕು. ಅದರ ಮೇಲೆ ಅರ್ಧ ಹೆಸರು, "ಹಳ್ಳಿ". ಹಳ್ಳಿ ಅಂತ ಮುಗಿಯೋ ಊರು ನಮ್ಮಲ್ಲಿ ಒಂದೇ, ಎರಡೇ?

"ನೆರಳು ನೋಡು."

ನೆರಳು ಗಿಡ್ಡ, ಟ್ಯಾಂಕಿನ ಕಡೆಯಿಂದ ಈಚೆಗೆ ಬಿದ್ದಿದೆ. ರಾಜ ಸೂರ್ಯನನ್ನು ಕರೆಸಿದ. "ಇದು ಹನ್ನೊಂದು ಗಂಟೆ ನೆರಳು. ಹಂಗಂದ್ರೆ ಇವಳ ಮನೆ ಟ್ಯಾಂಕಿನ ಪಡುವಗಡೆ ಅದೆ," ಅಂದ ಸೂರ್ಯ.

"ಒಬ್ಬನ ಮಾತು ನಂಬಬೇಡ," ಅಂತು ಮೊಬೈಲು. "ಅವನ ಜೊತೆ ಮಾತು ಬಿಟ್ಟಿರೋ ಇನ್ನೊಬ್ಬರನ್ನ ಕೇಳು."

ಸೂರ್ಯನ ಜೊತೆ ಮಾತು ಬಿಟ್ಟವನು ಚಂದ್ರ. ಯಾಕೆ ಬಿಟ್ಟ ಅನ್ನೋದು ದೊಡ್ಡ ಕತೆ, ಹೆಣ್ಣಿನ ವಿಚಾರ. ಚಂದ್ರ ಫೋಟೊ ನೋಡಿ, "ಹಾಳಾದೋನು ಈ ಸಲ ನಿಜ ಹೇಳವನೆ," ಅಂದ.

ಆಮೇಲೆ ಆಕಾಶದಿಂದ ತೆಗೆದ ನಕ್ಷೆ ಬಿಚ್ಚಿ ರಾಜ ಏಳು ತಿಂಗಳು ಊರೂರು ನೋಡಿದ. ಮೇಲಿಂದ ನೋಡಿದರೆ ಏನೇನು ಕಾಣುತ್ತೆ ಅಂತೀರಿ! ಮಳೆಯಿಲ್ಲದ ದಿನ ಶಾನುಭೋಗರ ಕೊಡೆ ದರ್ಜಿ ಹೆಂಡತಿ ಹಿತ್ತಲಲ್ಲಿ ಬಿಚ್ಚಿಕೊಂಡು ಕೂತಿತ್ತು. ಪೆದ್ದ ರಾಜ, ಯಾರಿಗೂ ಹೇಳಲಿಲ್ಲ. ಅವನಿಗೆ ಹೇಳಿಕೊಳ್ಳೋಕೆ ಯಾರಿದ್ದರು?

ಕೊನೆಗೆ ಮುಕ್ಕಾಲಹಳ್ಳಿ ಅಂತ ಒಂದೂರಲ್ಲಿ ಅದೇ ಟ್ಯಾಂಕು, ಅದರ ಪಡುವಗಡೆ ಒಂದೇ ಮನೆ. ರಾಜ ಒಬ್ಬನೇ ನಡೆದುಕೊಂಡು ಹೋದ.

ಅಂಗಳದ ತುಂಬ ಹಪ್ಪಳ ಹರಡಿತ್ತು. ದೇವೀರಮ್ಮ ಅಂತ ಒಬ್ಬ ಮುದುಕಿ ಕೂತಿದ್ದಳು.

"ಅವ್ವಾ, ಈ ಕೈ ನಿಂದಾ?"

"ನಂದೇ ಕಣಪ್ಪ. ಅರಮನೆಯಿಂದ ತಲೆ ಎಣಿಸೋನು ಬಂದಿದ್ದ. ಫೋಟೊ ಹೊಡೆದು ಯಾರಿಗೋ ಕಳಿಸ್ದ."

"ಬಾ ಅಂದಿದ್ದಾ, ಹೋಗು ಅಂದಿದ್ದಾ?"

"ಕಾಗೆಗೆ ಅಂದಿದ್ದು. ಹೋಗು ಅಂದೆ."

ರಾಜ ಬಂದ ದಾರಿಗೆ ತಿರುಗಿದ. ಜೇಬಿನೊಳಗಿಂದ ಮೊಬೈಲು ಪಿಸುಗುಟ್ಟಿತು. "ಒಬ್ಬರ ಮಾತು ನಂಬಬೇಡ ಅಂದಿಲ್ವಾ? ಗೋಡೆ ಮೇಲೆ ನೋಡು."

ಗೋಡೆ ಮೇಲೆ ಕಾಗೆ ಇತ್ತು. "ಏನಯ್ಯ, ಅವ್ವ ನಿನಗೆ ಹೋಗು ಅಂತಾಳಾ?" ಅಂದ ರಾಜ.

"ನಾಲ್ಕು ವರ್ಷದಿಂದ ದಿನಾ ಅಂತಾಳೆ," ಅಂತು ಕಾಗೆ. "ಒಂದಿನ ನಾನು ಬರದಿದ್ರೆ ಬೀದಿ ಕೊನೆಗೆ ಬಂದು ನಿಂತ್ಕೊಂಡು ಆಕಾಶ ನೋಡ್ತಾಳೆ. ಅವಳ ಬಾಯಿ ನೋಡು. ಒಂದೂ ಹಲ್ಲಿಲ್ಲ. ಮನೇಲಿ ಇನ್ನೊಬ್ಬರಿಲ್ಲ. ಇಷ್ಟು ಹಪ್ಪಳ ಯಾರಿಗೆ?"

ದೇವೀರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಮುಚ್ಚೋ, ಮನೆಹಾಳ!" ಅಂದಳು. ರಾಜನ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ ಬೀಸಿದಳು. "ನೀನೂ ಹೋಗು. ಹೋಗಯ್ಯ, ಹೋಗು."

ರಾಜ ಹೋದ. ಗೋಡೆವರೆಗೂ ಹೋದ. ಕಾಗೆ ಒಂಚೂರು ಸರಿದು ಜಾಗ ಬಿಟ್ಟಿತು.

ಇದರ ನೀತಿ ಏನಪ್ಪ ಅಂದರೆ, ಕೈಯನ್ನು ಕೇಳಬೇಡಿ, ಕಾಗೆಯನ್ನು ಕೇಳಿ. ರಾಜ ಗೋಡೆ ಹತ್ತಿದ, ಕತೆ ಗೋಡೆ ಇಳೀತು. ಸಾಕು, ಇನ್ನು ನಿಮ್ಮ ನಿಮ್ಮ ಮನೆಗೆ ಹೋಗಿ. ಹೋಗಿ, ಹೋಗಿ.

ಅಯ್ಯೋ, ಎದ್ದೇಬಿಟ್ಟಿರಾ?